ಓಣಿ ತುಂಬ ಒಂದೇ ವೈರು

ಧಾರವಾಡದ ಮಾಳಮಡ್ಡಿ, ಮೇ ತಿಂಗಳ ಒಂದು ಸಂಜೆ. ಮಾತಾಡುವವರು ಇಬ್ಬರು: ಕನ್ನಡ ಕಲಿಸಿ ನಿವೃತ್ತರಾದ ಶಿಕ್ಷಕಿ, ಮತ್ತು ಟಿವಿ ಕೇಬಲ್ಲಿನ ಕಾಲದಿಂದಲೂ ಕಂಬ ಹತ್ತುತ್ತ ಬಂದ ಕೇಬಲ್ ಕೆಲಸಗಾರ.

— ಬಾ ತಮ್ಮಾ, ಕೂಡು. ಸಂಜಿ ಆತಂದ್ರ ಈ ಇಂಟರ್ನೆಟ್ ಕೈ ಕೊಡ್ತದ. ಜರ್ಮನಿಯೊಳಗಿನ ಮೊಮ್ಮಕ್ಕಳಿಗೆ, ಅವರ ಗೆಳೆಯರಿಗೆ ಶನಿವಾರ ರವಿವಾರ ಕನ್ನಡ ಪಾಠ ಹೇಳ್ತೀನಿ. ಅರ್ಧ ಪಾಠಕ್ಕ ನನ್ನ ಮಾರಿ ಹಂಗ ನಿಂತುಬಿಡ್ತದಂತ. ಮೋಡೆಮ್ ಕೆಟ್ಟದ ಅಂತ ಕಾಣ್ತದ, ಹೊಸಾದು ಹಾಕಿಬಿಡು.

— ಹೊಸಾದು ಹಾಕೂದು ಹತ್ತು ನಿಮಿಷದ ಕೆಲಸ ಬಾಯಾರ. ಆದ್ರ ಕೆಟ್ಟದ್ದು ಅದ ಹೌದೋ ಅಲ್ಲೋ ಮೊದ್ಲ ಗೊತ್ತಾಗಬೇಕು. ಒಂದು ಹೇಳ್ರಿ: ಪಾಠದಾಗ ಆ ಹುಡುಗ್ರು ನಿಮಗ ಹೆಂಗ ಕಾಣ್ತಾರ? ಅವರೂ ಹಂಗ ನಿಂತುಬಿಡ್ತಾರೇನ್ರಿ?

— ಇಲ್ಲ. ಅವರು ಚಂದ ಕಾಣ್ತಾರ, ಮಾತೂ ಕೇಳಸ್ತದ. ‘ಅಜ್ಜಿ, ನಿಮ್ಮ ಧ್ವನಿ ಬರ್ತಾ ಇಲ್ಲ’ ಅಂತ ಅವರ ಕೂಗ್ತಾರ. ಆಮ್ಯಾಲ ಸ್ವಲ್ಪ ಹೊತ್ತಿಗೆ ಎಲ್ಲಾ ಹೋಗಿಬಿಡ್ತದ.

— ಅರ್ಧ ಕೆಲಸ ನೀವ ಮಾಡಿಕೊಟ್ರಿ. ಅಲ್ಲಿಂದ ನಿಮ್ಮ ಮನಿಗೆ ಬರೂ ದಾರಿ ಚಲೋ ಐತಿ. ನಿಮ್ಮ ಮನಿಯಿಂದ ಹೋಗೂ ದಾರಿ ಕೆಟ್ಟೈತಿ. ಫೋನ್ ಮಾಡೂ ಮಂದಿ ‘ನೆಟ್ ಇಲ್ಲ’ ಅಂತ ಎರಡ ಶಬ್ದ ಹೇಳಿ ಇಟ್ಟುಬಿಡ್ತಾರ್ರಿ. ಅಷ್ಟರ ಮ್ಯಾಲ ಯಾವ ಕಂಬಾ ಹತ್ತಬೇಕು ಅನ್ನೂದು ತಿಳಿಯಂಗಿಲ್ಲ. ಒಂದ ಕಂಬದಾಗ ಹೆಸ್ಕಾಂ ಕರೆಂಟಿನ ತಂತಿನೂ ಇರ್ತೈತಿ, ನಮ್ಮ ವೈರೂ ಇರ್ತೈತಿ. ಮಳಿಯೊಳಗ, ರಾತ್ರಿಯೊಳಗ ಸುಮ್ಮಸುಮ್ಮನ ಒಂದು ಕಂಬಾ ಹತ್ತೂದಂದ್ರ ಜೀವದ ಪ್ರಶ್ನೆ.

— ಇದನ್ನ ಮೊದಲ ಯಾರೂ ಹೇಳಿರಲಿಲ್ಲ. ನಾನೂ ನಿಮ್ಮ ಆಫೀಸಿಗೆ ‘ನೆಟ್ ಇಲ್ಲ’ ಅಂತನ ಹೇಳಿದ್ದೆ. ಮೋಡೆಮ್ ಬಂದ್ ಮಾಡಿ ಚಾಲೂ ಮಾಡ್ರಿ ಅಂದ್ರು. ಮಾಡಿ ಮಾಡಿ ಸಾಕಾತು.

— ಒಂದ ಸಲ ಮಾಡ್ರಿ, ಅದಕ್ಕ ಅರ್ಥ ಐತಿ. ಪ್ಲಗ್ ತಗದು, ಒಂದು ನಿಮಿಷ ಬಿಟ್ಟು, ಮತ್ತ ಹಾಕ್ರಿ. ಮೋಡೆಮ್ ತಲಿ ಕೆಟ್ಟು ಕುಂತಿದ್ರ ಸರಿ ಆಗ್ತೈತಿ. ಅದಕ್ಕ ಸರಿ ಹೋಗಲಿಲ್ಲಂದ್ರ ಮತ್ತ ಮತ್ತ ಮಾಡಿ ಉಪಯೋಗ ಇಲ್ಲ. ಬಂದ್ ಮಾಡಿದಾಗ ಕೆಲವು ಮೋಡೆಮ್ಮಿನಾಗ ಏನಾಗಿತ್ತು ಅನ್ನೂ ದಾಖಲೆನೂ ಅಳಿಸಿ ಹೋಗ್ತೈತ್ರಿ. ಹಿಂದ ಸಣ್ಣ ತೂತಿನಾಗ ಇರೂ ರೀಸೆಟ್ ಗುಂಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಅದನ್ನ ಒತ್ತಿದ್ರ ವೈಫೈ ಹೆಸರು, ಪಾಸ್‌ವರ್ಡ್, ಒಳಗ ಬರದಿಟ್ಟದ್ದು ಎಲ್ಲಾ ಹೋಗ್ತೈತಿ.

— ಈ ದೀಪಗಳನ್ನ ನೋಡಿದ್ರ ಏನರ ತಿಳೀತದೇನು? ದಿನಾ ನೋಡ್ತೀನಿ, ಅವು ಏನ್ ಹೇಳ್ತಾವೋ ಗೊತ್ತಿಲ್ಲ.

— ಎಡಕಿನಿಂದ ಓದ್ರಿ. ಮೊದಲನೇದು ಕರೆಂಟಿಂದು. ಎರಡನೇದು ಡಿಎಸ್, ಬರೂ ದಾರಿ. ಅದು ಮಿಣುಕಾಡಕತ್ತಿದ್ರ ಮೋಡೆಮ್ ಇನ್ನೂ ಸಿಗ್ನಲ್ ಹುಡಕಾಕತ್ತೈತಿ ಅಂತ ಅರ್ಥ: ವೈರ್ ಕಡದೈತಿ, ಇಲ್ಲಾ ಜಾಯಿಂಟ್ ಬಿಚ್ಚೈತಿ. ಮೂರನೇದು ಯುಎಸ್, ಹೋಗೂ ದಾರಿ. ಅದು ಮಿಣುಕಾಡಿದ್ರ ಮೋಡೆಮ್ಮಿಗೆ ಕೇಳಸ್ತೈತಿ, ಆದ್ರ ಅದರ ಮಾತು ಆ ಕಡಿಗೆ ಮುಟ್ಟವಲ್ದು. ನಾಕನೇದು ಆನ್‌ಲೈನ್. ಬರೇ ಅದೊಂದ ಮಿಣುಕಾಡಿದ್ರ ವೈರ್ ಸರಿ ಐತಿ, ಕಂಟ್ರೋಲ್ ರೂಮಿನಾಗ ನಿಮ್ಮ ಹೆಸರಿಗೆ ಏನೋ ಅಡ್ಡಿ ಐತಿ ಅಂತ. ನಾಕೂ ನೆಟ್ಟಗ ಉರದು ನೆಟ್ ಇಲ್ಲಂದ್ರ ಹಿಂಗ ಮಾಡ್ರಿ: ಕಂಪ್ಯೂಟರಿನಾಗ 8.8.8.8 ಅನ್ನೂ ವಿಳಾಸಕ್ಕ ಪಿಂಗ್ ಮಾಡಿ ನೋಡ್ರಿ. ಉತ್ತರ ಬಂದ್ರ ದಾರಿ ಐತಿ, ಹೆಸರು ಹುಡುಕೂ ಡಿಎನ್‌ಎಸ್ ಕೆಟ್ಟೈತಿ. ಪಾಠ ನಿಂತಾಗ ನಿಮ್ಮದರಾಗ ಯಾವ ದೀಪ ಹೊಯ್ದಾಡ್ತಿತ್ತು?

— ಮೂರನೇದು.

— ಹಂಗಾರ ವೈಫೈ ಮ್ಯಾಲಿನ ಸಂಶಯ ಅಲ್ಲೇ ಕಡಿಮಿ ಆತು. ಆದ್ರೂ ಅದನ್ನ ಪೂರಾ ಕೈ ಬಿಡೂಕಿಂತ ಮೊದ್ಲ ನೋಡೂದು ಚಲೋ. ಈ ಮನಿ ಗ್ವಾಡಿ ದಪ್ಪ ಅದಾವ. ಪಡಸಾಲಿಯಾಗ ಮೋಡೆಮ್ ಇಟ್ಟು ಒಳಖೋಲಿಯೊಳಗ ಪಾಠ ಮಾಡಿದ್ರ 5 ಗಿಗಾಹರ್ಟ್ಸ್ ವೈಫೈ ಈ ಗ್ವಾಡಿ ದಾಟೂದು ಕಷ್ಟ, 2.4 ಆದ್ರ ಅಷ್ಟಿಷ್ಟು ದಾಟ್ತೈತಿ. ಲ್ಯಾಪ್‌ಟಾಪ್ ಇಲ್ಲೇ ತಂದು ಲ್ಯಾನ್ ವೈರಿಲೆ ನೇರ ಮೋಡೆಮ್ಮಿಗೆ ಹಚ್ರಿ. ಹಚ್ಚಿದ ಮ್ಯಾಲೂ ತ್ರಾಸ ಇದ್ರ ವೈಫೈದು ತಪ್ಪಿಲ್ಲ.

— ಕಳದ ವಾರ ಮೊಮ್ಮಗ ಫೋನಿನಾಗ ಹೇಳಿದ್ದ, ಹಂಗ ಹಚ್ಚೇನು. ಆದ್ರೂ ನಿಂತಿತು.

— ಹಂಗಾರ ಆ ಕಥಿ ಮುಗೀತು. ಈಗ ಬ್ರೌಸರಿನಾಗ 192.168.100.1 ಅಂತ ಹೊಡೀರಿ. ಕೇಬಲ್ ಮೋಡೆಮ್ಮಿನ ಒಳಗಿನ ಪುಟ ಇದು. ಭಾಳ ಮಂದಿಗೆ ಗೊತ್ತಿಲ್ಲ, ನನ್ನ ಕೇಳಿದ್ರ ಇದರಷ್ಟು ಖರೆ ಹೇಳೂ ಜಾಗಾ ಬ್ಯಾರೆ ಇಲ್ಲ. ಬರೂ ಸಿಗ್ನಲ್ಲಿನ ಬಲ ನೋಡ್ರಿ: ಮೈನಸ್ 8 ಡಿಬಿಎಂವಿ. ಮೈನಸ್ 7ರಿಂದ ಪ್ಲಸ್ 7ರೊಳಗ ಇದ್ರ ಚಲೋ. ನಿಮ್ಮದು ಸ್ವಲ್ಪ ಕಡಿಮಿ, ಆದ್ರ ನಡೀತೈತಿ. ಎಸ್‌ಎನ್‌ಆರ್, ಅಂದ್ರ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮ್ಯಾಲ ಐತಿ ಅನ್ನೂದು, 36. 33ರ ಮ್ಯಾಲ ಇದ್ರ ಕಾಳಜಿ ಇಲ್ಲ. ಈಗ ಕೆಳಗ ನೋಡ್ರಿ, ಅಪ್‌ಸ್ಟ್ರೀಮ್ ಪವರ್: 51.5. ಇಲ್ಲೈತಿ ನೋಡ್ರಿ.

— ಹೆಚ್ಚಿದ್ರ ಚಲೋ ಅಲ್ಲೇನು?

— ಇದರಾಗ ಉಲ್ಟಾ ಬಾಯಾರ. ಇದು ಮೋಡೆಮ್ ತಾನು ಎಷ್ಟು ಜೋರಿಲೆ ಮಾತಾಡಾಕತ್ತೈತಿ ಅನ್ನೂ ಲೆಕ್ಕ. ಕಂಟ್ರೋಲ್ ರೂಮಿನ ಯಂತ್ರ ‘ಕೇಳವಲ್ದು, ಇನ್ನೂ ಜೋರು’ ಅಂತ ಹೇಳ್ಕೋತನ ಇರ್ತೈತಿ, ಇದು ಏರಿಸಿಕೋತನ ಹೋಗ್ತೈತಿ. 35ರಿಂದ 49ರ ತನಕ ಸಮಾಧಾನ. 50 ದಾಟಿದ್ರ ಏರಿಸಾಕ ಹೆಚ್ಚು ಉಳದಿಲ್ಲ ಅಂತ.

— ತಿಳೀತು. ಹಿಂದಿನ ಬಾಕಿನ ಹುಡುಗರಿಗೆ ಕೇಳಸಲಿ ಅಂತ ನಾವು ಧ್ವನಿ ಏರಿಸ್ಕೋತ ಹೋಗಿ, ಕಡೀಕ ಗಂಟಲು ಬಿದ್ದು ಹೋಗ್ತದಲ್ಲ, ಹಂಗ.

— ಅದ ರೀ. ಅದರ ಕೆಳಗ ದಾಖಲೆ ನೋಡ್ರಿ: ಟಿ3 ಟೈಮ್‌ಔಟ್, ಟಿ3 ಟೈಮ್‌ಔಟ್, ಸಾಲು ಹಚ್ಚೈತಿ. ಅಂದ್ರ ಮೋಡೆಮ್ ಮಾತಾಡೈತಿ, ಉತ್ತರ ಬಂದಿಲ್ಲ. ಭಾಳ ಸಲ ಬರಲಿಲ್ಲಂದ್ರ ಅದು ಬಿಟ್ಟುಕೊಟ್ಟು ಮೊದಲಿಂದ ಶುರು ಮಾಡ್ತೈತಿ. ನಿಮಗ ‘ಎಲ್ಲಾ ಹೋತು’ ಅನಸೂದು ಆವಾಗ. ಈಗ ಟೈಮ್ ನೋಡ್ರಿ. ಹಗಲೊತ್ತಿನಾಗ ಒಂದೂ ಇಲ್ಲ, ಎಲ್ಲಾ ಏಳರ ಮ್ಯಾಲಿಂದ.

— ಹೋಗೂ ದಾರಿ ಅಷ್ಟ ಯಾಕ ಕೆಡಬೇಕು? ವೈರ್ ಒಂದ ಅಲ್ಲೇನು?

— ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನ್ರಿ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ನಮ್ಮ ದೇಶದಾಗ ಕೇಬಲ್ ಟಿವಿ ಹಬ್ಬಾಕ ಹತ್ತಿತು. ಡಿಶ್ ಕುಂದ್ರಿಸಿದವರು ಓಣಿಓಣಿಗೆ ವೈರ್ ಎಳದ್ರು. ಕೇಬಲ್ಲಿಗೆ ಅಂತ ಕಾನೂನು ಬಂದದ್ದು 1995ಕ್ಕ, ಅಷ್ಟರಾಗ ಊರು ತುಂಬ ವೈರ್ ಆಗಿತ್ತು. ಆ ವೈರ್ ಹಾಕಿದ್ದು ಒಂದ ಕೆಲಸಕ್ಕ: ಕಂಟ್ರೋಲ್ ರೂಮಿನಿಂದ ಮನಿಗೆ ಚಿತ್ರ ತರಾಕ. ಟಿವಿ ತಿರುಗಿ ಏನೂ ಹೇಳಂಗಿಲ್ಲ. 1997ಕ್ಕ ಅಮೆರಿಕಾದ ಕೇಬಲ್‌ಲ್ಯಾಬ್ಸ್ ಡಾಕ್ಸಿಸ್ ಅನ್ನೂ ಪದ್ಧತಿ ಹೊರಗ ತಂತು, ಅದ ವೈರಿನಾಗ ಎರಡೂ ಕಡಿ ಮಾತು ನಡಸೂದು. ಮ್ಯಾಲಿನ ಜಾಗಾ ಎಲ್ಲಾ ಚಾನೆಲ್ಲು ಹಿಡಿದಿದ್ವು. ಹೋಗೂ ದಾರಿಗೆ ಸಿಕ್ಕದ್ದು ತಳದಾಗಿನ ಸಣ್ಣ ಜಾಗಾ: ಅಮೆರಿಕಾದ ರೀತಿಯೊಳಗ 5ರಿಂದ 42 ಮೆಗಾಹರ್ಟ್ಸ್, ಯುರೋಪಿನ ರೀತಿಯೊಳಗ 65ರ ತನಕ. ಮನಿಯೊಳಗಿನ ಮೋಟಾರು, ಮಿಕ್ಸರು, ಟ್ಯೂಬ್‌ಲೈಟ್, ಸೋವಿ ಎಲ್‌ಇಡಿ ಬಲ್ಬು ಹುಟ್ಟಸೂ ಗದ್ದಲ ಹೆಚ್ಚಿಗಿ ಬಂದು ಬೀಳೂದು ಅಲ್ಲೇ.

— ಆಕಾಶವಾಣಿದೂ ಬೀಳ್ತದೇನು? ನಮ್ಮ ಧಾರವಾಡ ಕೇಂದ್ರ ಇಲ್ಲೇ ಅದ.

— ಅದು 765 ಕಿಲೋಹರ್ಟ್ಸ್ ರೀ, ಒಂದು ಮೆಗಾಹರ್ಟ್ಸನೂ ಮುಟ್ಟಂಗಿಲ್ಲ, ನಮ್ಮ ದಾರಿಗಿಂತ ಭಾಳ ಕೆಳಗ. ಅದರ ಮ್ಯಾಲ ಸಂಶಯ ಬ್ಯಾಡ. ಇನ್ನೊಂದು ಮಾತು ಐತಿ, ಅದ ಮುಖ್ಯ. ಬರೂ ಸಿಗ್ನಲ್ ಒಂದ ಜಾಗಾದಿಂದ ಹೊಂಟು ನೂರಾರು ಮನಿಗೆ ಹಂಚಿಕಿ ಆಗ್ತೈತಿ. ನಿಮ್ಮ ಜಾಯಿಂಟ್ ಕೆಟ್ರ ನಿಮಗೊಬ್ಬರಿಗ ತ್ರಾಸು. ಹೋಗೂದು ಹಂಗಲ್ಲ. ಎಲ್ಲಾ ಮನಿದು ಕೂಡಿ ಕೂಡಿ ಒಂದ ಜಾಗಾಕ್ಕ ಹೋಗಿ ಮುಟ್ಟತೈತಿ. ಯಾರೋ ಒಬ್ಬರ ಮನಿಯಾಗಿನ ಗದ್ದಲ ಓಣಿ ಮಂದಿ ಎಲ್ಲಾರ ಮಾತಿನ ಮ್ಯಾಲ ಬಂದು ಕುಂದರ್ತೈತಿ.

— ಅಂದ್ರ ನನ್ನ ಪಾಠ ನಿಲ್ಲಸಾಕತ್ತದ್ದು ಈ ಮನಿ ಅಲ್ಲದನೂ ಇರಬಹುದು.

— ಇರಬಹುದು. ಆದ್ರ ಮೊದ್ಲ ನಮ್ಮ ಮನಿ ಸ್ವಚ್ಛ ಮಾಡ್ಕೊಂಡು ಹೊರಗ ಹೋಗೂದು. ಕಂಬದಿಂದ ಬಂದ ವೈರ್ ಎಲ್ಲಿ ಇಳೀತೈತ್ರಿ?

— ಅಟ್ಟದ ಮ್ಯಾಲ. ಮಕ್ಕಳು ಇದ್ದಾಗ ಮೂರು ಖೋಲಿಗೆ ಟಿವಿ ಇದ್ದವು. ಈಗ ಒಂದ ಅದ.

ಕೇಬಲ್ ಕೆಲಸಗಾರರು ನಿಚ್ಚಣಿಕೆ ಇಟ್ಟು ಅಟ್ಟ ಹತ್ತಿದರು. ಕೆಳಗೆ ಬಂದಾಗ ಕೈಯಲ್ಲಿ ಧೂಳು ಹಿಡಿದ ಒಂದು ಸ್ಪ್ಲಿಟರ್ ಇತ್ತು.

— ನೋಡ್ರಿ ಇದು ನಾಕು ಬಾಯಿಂದು. ಒಂದರಾಗ ಮೋಡೆಮ್, ಒಂದರಾಗ ಟಿವಿ, ಎರಡರಾಗಿನ ವೈರ್ ಖಾಲಿ ಖೋಲಿಗೆ ಹೋಗಿ ಬಾಯಿ ತಕ್ಕೊಂಡು ಬಿದ್ದಾವ. ನಾಕು ಬಾಯಿ ಅಂದ್ರ ಪ್ರತಿಯೊಂದಕ್ಕೂ 7 ಡೆಸಿಬೆಲ್ ನಷ್ಟ, ಎರಡು ಬಾಯಿಂದಾದ್ರ 3.5. ಖಾಲಿ ಬಿಟ್ಟ ವೈರ್ ತುದಿ ಅಂದ್ರ ಏರಿಯಲ್ ಇದ್ದಂಗ, ಸುತ್ತಿನ ಗದ್ದಲ ಎಲ್ಲಾ ಅದರೊಳಗ ಇಳೀತೈತಿ. ಎರಡೂ ತಗದು, ಎರಡು ಬಾಯಿಂದು ಸ್ಪ್ಲಿಟರ್ ಹಾಕೇನಿ. ಈ ಕನೆಕ್ಟರೂ ನೋಡ್ರಿ, ಒಳಗ ಹಸರು ಹಿಡದೈತಿ. ನೀರು ಹೊಕ್ಕಿತ್ತು. ವೈರ್ ಒಳಗ ಬರೂ ಮೊದ್ಲ ಹೊರಗ ಒಂದು ಬಾಗು ಕೊಟ್ಟು ಬಿಡಬೇಕು, ಅಂದ್ರ ಮಳಿ ನೀರು ಬಾಗಿನ ತುದಿಯಿಂದ ತೊಟ್ಟಿಕ್ಕತೈತಿ, ಜಾಯಿಂಟಿಗೆ ಹೋಗಂಗಿಲ್ಲ. ತುದಿ ಕತ್ತರಿಸಿ ಹೊಸಾ ಎಫ್ ಕನೆಕ್ಟರ್ ಹಾಕ್ತೀನಿ. ನಡುವಿನ ತಂತಿಗೆ ಸುತ್ತಿನ ಜಾಳಿಗಿ ತಂತಿ ಒಂದ ಎಳಿನೂ ತಾಕಬಾರದು.

— ಮಳಿ ಬಂದಾಗ ನೆಟ್ ಹೋಗೂದಕ್ಕ ಇದ ಕಾರಣೇನು?

— ಹೌದ್ರಿ. ಮಳಿ ಬಂದ ದಿನಾನ ಹೋಗಬೇಕಂತಿಲ್ಲ, ಮರುದಿನನೂ ಹೋಗ್ತೈತಿ, ನೀರು ವೈರಿನೊಳಗ ನಿಧಾನ ಏರ್ತೈತಿ. ಬ್ಯಾಸಗಿ ಮಧ್ಯಾಹ್ನ ಹೋದ್ರ ಬ್ಯಾರೆ ಕಥಿ: ಬಿಸಲಿಗೆ ವೈರಿನ ನಷ್ಟ ಹೆಚ್ಚಾಗ್ತೈತಿ, ಸಡ್ಲ ಜಾಯಿಂಟ್ ಬಿಚ್ಚಿಕೊಳ್ತಾವ. ಗಾಳಿ ಬಿಟ್ಟಾಗ ಅಷ್ಟ ಹೋದ್ರ ಕಂಬದ ಮ್ಯಾಲಿನ ಜಾಯಿಂಟ್ ಅಲಗಾಡ್ತೈತಿ ಅಂತ. ಗಣಪತಿ ಹಬ್ಬದಾಗ ಹುಬ್ಬಳ್ಳಿ ದುರ್ಗದಬೈಲ, ಮರಾಠಾ ಗಲ್ಲಿ, ದಾಜಿಬಾನ ಪೇಟಿ ಕಡಿ ಎತ್ತರದ ಮೂರ್ತಿ ಮೆರವಣಿಗಿ ಹೊಂಟಾಗ ಬಿದಿರ ಗಳಾ ಹಚ್ಚಿ ವೈರ್ ಎತ್ತಿ ಹಿಡೀತಾರಲ್ಲ, ಅದಾದ ಮ್ಯಾಲ ಒಂದು ವಾರ ನಮಗ ಜಾಯಿಂಟ್ ಬಿಗಿ ಮಾಡೂದ ಕೆಲಸ. ರಸ್ತೆ ಅಗಿಯೂದಂತೂ ಕೇಳಬ್ಯಾಡ್ರಿ. ಬಿಆರ್‌ಟಿಎಸ್ ರಸ್ತೆ, 24 ತಾಸು ನೀರಿನ ಪೈಪು, ಎಲ್ಲಾ ಊರಿಗೆ ಬೇಕಾದದ್ದ. ಆದ್ರ ಅಗಿಯೂ ಮೊದ್ಲ ಕೆಳಗ ಏನೈತಿ ಅಂತ ಕೇಳಬೇಕು. ಅದಕ್ಕಂತನ 2023ರ ಮಾರ್ಚಿನಾಗ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಅಂತ ಆ್ಯಪ್ ತಂದೈತಿ. ಜೆಸಿಬಿ ಮ್ಯಾಲ ಕುಂತವರ ತನಕ ಅದು ಮುಟ್ಟಬೇಕು.

— ಕರೆಂಟ್ ಹೋದಾಗ ನಮ್ಮ ಮನಿಯೊಳಗ ಇನ್ವರ್ಟರ್ ಅದ, ಮೋಡೆಮ್ ಉರೀತಿರ್ತದ, ಆದ್ರೂ ನೆಟ್ ಹೋಗ್ತದಲ್ಲ?

— ನಿಮ್ಮ ಮೋಡೆಮ್ಮಿಗೆ ಕರೆಂಟ್ ಐತಿ, ಓಣಿ ಮೂಲಿಯೊಳಗಿನ ಆ್ಯಂಪ್ಲಿಫೈಯರಿಗೆ ಇಲ್ಲ. ಎಷ್ಟೋ ಕಡಿ ಅದಕ್ಕ ಕರೆಂಟ್ ಹತ್ತರದ ಒಬ್ಬರ ಮನಿಯಿಂದ ತಗೊಂಡಿರ್ತಾರ್ರಿ, ಅವರಿಗೆ ಕೇಬಲ್ ಬಿಲ್ಲಿನಾಗ ಅದನ್ನ ಹೊಂದಿಸ್ತಾರ. ಅವರು ಮೇನ್ ಸ್ವಿಚ್ ತಗದು ಊರಿಗೆ ಹೋದ್ರ ಓಣಿ ಎಲ್ಲಾ ಬಂದ್. ಅದಕ್ಕ ನೆಟ್ ಹೋದ ಕೂಡ್ಲೆ ಬಾಜೂ ಮನಿಯವರನ್ನ ಕೇಳ್ರಿ. ಅವರದೂ ಹೋಗಿದ್ರ ನಿಮ್ಮ ಮೋಡೆಮ್ ಬಿಚ್ಚೂದ ಬ್ಯಾಡ. ಈಗ ಪುಟ ನೋಡ್ರಿ ಮತ್ತ.

— ಬರೂದು ಮೈನಸ್ 4.5. ಅಪ್‌ಸ್ಟ್ರೀಮ್ 48.

— ಎರಡೂ ಕಡಿ 3.5 ವಾಪಸ್ ಬಂತು. ಮೋಡೆಮ್ಮಿಗೆ ಉಸಿರಾಡಾಕ ಜಾಗಾ ಆತು. ಆದ್ರ ಬಾಯಾರ, ಏಳಕ್ಕ ಹೋಗೂದು ಇದರಿಂದ ಅಲ್ಲ. ಸ್ಪ್ಲಿಟರ್ ಹಗಲೂ ಇರ್ತೈತಿ. ಏಳಕ್ಕ ಹೊತ್ತಿಕೊಳ್ಳೂದು ಏನೋ ಐತಿ. ದಿನಾ ಸರಿಯಾಗಿ ಏಳಕ್ಕ ಏನ್ರಿ?

— ತಡಿ, ನಾ ಕ್ಯಾಲೆಂಡರಿನಾಗ ಬರದಿಟ್ಟೇನಿ, ಪಾಠ ಎಲ್ಲಿಗೆ ನಿಂತಿತು ಅಂತ. ಇಲ್ಲಿ ನೋಡು. ಈಗ ಏಳಕ್ಕ. ಮಾರ್ಚಿನಾಗ ಆರೂಮುಕ್ಕಾಲು. ಡಿಸೆಂಬರದಾಗ ಆರೂಕಾಲಕ್ಕ ನಿಂತದ. ಆವಾಗ ಪಾಠ ಶುರು ಆಗೂದರಾಗ ಹೋಗ್ತಿತ್ತು.

— ಆರೂಕಾಲು, ಆರೂಮುಕ್ಕಾಲು, ಏಳು. ಬಾಯಾರ, ಇದು ಗಡಿಯಾರ ನೋಡಿ ಬರಾಕತ್ತಿಲ್ಲ, ಹೊತ್ತು ಮುಳುಗೂದು ನೋಡಿ ಬರಾಕತ್ತೈತಿ! ಕತ್ತಲಾದ್ರ ತಾನ ಹತ್ತೂ ಬಲ್ಬ್ ಇರ್ತಾವಲ್ಲ, ಸೆನ್ಸರಿನವು. ಈ ಓಣಿಯಾಗ ಯಾರ ಮನಿ ಮುಂದ ಅಂಥಾದ್ದು ಐತ್ರಿ?

— ಮೂಲಿ ಮನಿ. ಮಕ್ಕಳು ಬೆಂಗಳೂರಿನಾಗ ಇರ್ತಾರ, ಮನಿಗೆ ಕೀಲಿ. ಕಳ್ಳರ ಅಂಜಿಕಿ ಅಂತ ಕಟ್ಟಿ ಮ್ಯಾಲ ಒಂದು ಬಲ್ಬ್ ಹಾಕಿ ಹೋಗ್ಯಾರ, ದೀಪಾವಳಿ ಹೊತ್ತಿಗೆ. ನನ್ನ ತ್ರಾಸೂ ಅದರ ನಂತರದ್ದ.

— ನೀವು ಬರದಿಟ್ಟದ್ದು ಭಾಳ ಚಲೋ ಆತು. ಇಂಥಾದ್ದು ಹೊರಗಿನ ದೇಶದಾಗೂ ಆಗೈತ್ರಿ. ವೇಲ್ಸಿನಾಗ ಅಬರ್‌ಹೋಸನ್ ಅಂತ ಒಂದು ಹಳ್ಳಿ. ಅಲ್ಲಿ ಒಂದೂವರಿ ವರ್ಷ ದಿನಾ ಮುಂಜಾನಿ ಏಳಕ್ಕ ಊರಿನ ಇಂಟರ್ನೆಟ್ ಹೋಗ್ತಿತ್ತು. ಅವರದು ಟೆಲಿಫೋನ್ ವೈರಿನ ಬ್ರಾಡ್‌ಬ್ಯಾಂಡ್. ಓಪನ್‌ರೀಚ್ ಕಂಪನಿಯವರು ವೈರ್ ಬದಲಿ ಮಾಡಿದ್ರೂ ಸರಿ ಆಗಲಿಲ್ಲ. ಕಡೀಕ ಗದ್ದಲ ಅಳಿಯೂ ಯಂತ್ರ ಹಿಡಕೊಂಡು ನಸುಕಿನಾಗ ಮಳಿಯೊಳಗ ಊರು ತಿರಗಿದ್ರು. ಏಳಕ್ಕ ಒಂದು ಮನಿಯಾಗಿಂದ ಗದ್ದಲ ಎದ್ದಿತು. ಒಬ್ಬರು ದಿನಾ ಹಳೇ ಟಿವಿ ಹಚ್ಚತಿದ್ರು, ಅಷ್ಟ. ಪಾಪ, ಗೊತ್ತಾದ ಮ್ಯಾಲ ಅವರು ಆ ಟಿವಿ ಮತ್ತ ಹಚ್ಚಲಿಲ್ಲ. 2020ರ ಸೆಪ್ಟೆಂಬರಿನಾಗ ಕಂಪನಿನ ಇದನ್ನ ಹೇಳಿತು.

— ಅವರದೇನೂ ತಪ್ಪಿಲ್ಲ. ಗೊತ್ತಿದ್ರ ಯಾರು ಮಾಡ್ತಾರ?

— ಇಲ್ಲೂ ಅಷ್ಟ ರೀ. ಏಳಾಕ ಬಂತು, ನಾ ಓಣಿ ಮೂಲಿಗೆ ಹೋಗ್ತೀನಿ. ನೀವು ಪುಟ ನೋಡ್ಕೋತ ಫೋನಿನಾಗ ಇರ್ರಿ.

ಮುಂದಿನ ಮಾತು ಫೋನಿನಲ್ಲಿ.

— ಬಾಯಾರ, ಬಲ್ಬ್ ಈಗ ಹತ್ತಿತು.

— ಇಲ್ಲಿ ಮೂರನೇ ದೀಪ ಮಿಣುಕಾಡಾಕ ಶುರು ಆತು ತಮ್ಮಾ! ಟಿ3 ಅಂತ ಹೊಸಾ ಸಾಲು ಬಂತು.

— ಕಂಬದ ಮ್ಯಾಲ ಮನಿಮನಿಗೆ ಹಂಚೂ ಟ್ಯಾಪಿನಿಂದ ಈ ಮನಿಗೆ ವೈರ್ ಇನ್ನೂ ಹಾಂಗ ಐತಿ. ಟಿವಿ ತಗದವರು ವೈರ್ ಕತ್ತರಿಸಿ ಬಲ್ಬಿನ ಹೋಲ್ಡರ್ ಬಾಜೂಕ ಬಿಟ್ಟಾರ. ಬಲ್ಬಿನ ಗದ್ದಲ ಆ ತುದಿಯಿಂದ ಒಳಗ ಹೋಗಾಕತ್ತೈತಿ. ಅವರ ಮನಿ ಅಂಗಳಕ್ಕ ನಾ ಕಾಲಿಡಂಗಿಲ್ಲ, ಕಂಬದಾಗಿಂದನ ತಗೀತೀನಿ. ತಗದ ಬಾಯಿಗೆ 75 ಓಮಿನ ಟರ್ಮಿನೇಟರ್ ಹಾಕ್ತೀನಿ, ಅಂದ್ರ ಬಾಯಿ ಮುಚ್ಚಿದಂಗ ಆತು. ಹಾಂ. ಹಾಕಿದೆ. ಏನ್ ಕಾಣ್ತೈತಿ?

— ಮಿಣುಕಾಡೂದು ನಿಂತದ. ದೀಪ ನೆಟ್ಟಗ ಉರ್ಯಾಕತ್ತದ.

— ಒಂದ ಸಲ ನಿಂತದ್ದಕ್ಕ ನಂಬೂದು ಬ್ಯಾಡ. ವೈರ್ ಮತ್ತ ಹಚ್ಚತೀನಿ ನೋಡ್ರಿ.

— ಮತ್ತ ಶುರು ಆತು.

— ತಗದೆ.

— ನಿಂತಿತು!

— ಈಗ ಖಾತ್ರಿ ಆತು. ಕಂಟ್ರೋಲ್ ರೂಮಿಗೂ ಕೇಳಿದೆ. ಈ ಓಣಿಯಿಂದ ಅವರಿಗೆ ಮುಟ್ಟೂ ಎಸ್‌ಎನ್‌ಆರ್ 19 ಇದ್ದದ್ದು 31 ಆಗೈತಂತ. ನಿಮ್ಮದಷ್ಟ ಅಲ್ಲ, ಸಂಜಿ ಹೊತ್ತಿಗೆ ಓಣಿ ಮಂದಿ ಎಲ್ಲಾರದೂ ಸುಧಾರಿಸಿರ್ತೈತಿ. ‘ಸಂಜಿಕ ಎಲ್ಲಾರೂ ನೋಡ್ತಾರ, ಅದಕ್ಕ ಸ್ಲೋ’ ಅಂತ ಓಣಿಯವರು ಸುಮ್ಮನಿದ್ರು. ನಿಮ್ಮ ಮೋಡೆಮ್ ಆಗಲೇ 51ರ ಮ್ಯಾಲ ಇತ್ತಲ್ಲ, ಅದಕ್ಕ ಮೊದಲ ಬೀಳ್ತಿತ್ತು.

ಅವರು ಮನೆಗೆ ಮರಳಿ ಬಂದರು. ಅಷ್ಟರಲ್ಲಿ ಆ ದಿನದ ಪಾಠ ನಡೆದು ಮುಗಿದಿತ್ತು.

— ಒಂದು ಮಾತು ಕೇಳ್ತೀನಿ. ನಿನ್ನ ಜಾಗಾದಾಗ ಬ್ಯಾರೆ ಯಾರರ ಬಂದು ಮೋಡೆಮ್ ಬದಲಿ ಮಾಡಿ ಹೋಗಿದ್ರ? ನಾ ಎಷ್ಟು ದಿನ ಕಾಯಬೇಕಿತ್ತು?

— ನೀವು ಕಂಪ್ಲೇಂಟ್ ಕೊಟ್ಟಾಗ ನಂಬರ್ ತಗೊಳ್ರಿ ಬಾಯಾರ, ಬಾಯಿಮಾತಿಲೆ ಬಿಡಬ್ಯಾಡ್ರಿ. ಟೆಲಿಕಾಂ ನಿಯಂತ್ರಣ ಮಾಡೂ ಟ್ರಾಯ್ 2006ರಾಗ ಮಾಡಿದ, 2024ರ ತನಕ ನಡೆದ ಬ್ರಾಡ್‌ಬ್ಯಾಂಡ್ ನಿಯಮದಾಗ ಹಿಂಗಿತ್ತು: ನೂರರಾಗ ತೊಂಬತ್ತಕ್ಕಿಂತ ಹೆಚ್ಚು ದೂರು ಮುಂದಿನ ಕೆಲಸದ ದಿನದೊಳಗ ಸರಿ ಆಗಬೇಕಿತ್ತು. ಮೂರು ಕೆಲಸದ ದಿನ ದಾಟಿದ್ರ ಏಳು ದಿನದ ಬಾಡಿಗಿ ಬಿಡಬೇಕಿತ್ತು, ಏಳು ದಾಟಿದ್ರ ಹದಿನೈದು ದಿನದ್ದು, ಹದಿನೈದು ದಾಟಿದ್ರ ತಿಂಗಳದ್ದು. ನಿಯಮ ಯಾವುದ ಇರಲಿ, ನಂಬರ್ ಇಲ್ಲಂದ್ರ ಯಾವಾಗಿಂದ ಎಣಸೂದು? ನಿಮ್ಮಂಗ ಟೈಮ್ ಬರದು, ಯಾವ ದೀಪ, ಯಾವ ಕಡಿ ಮಾತು ನಿಲ್ತೈತಿ ಅಂತ ಹೇಳಿದ್ರ ನಮ್ಮ ಹುಡುಗ್ರೂ ಸರಿಯಾದ ಕಂಬಾನ ಹತ್ತತಾರ.

— ಫೈಬರ್ ಹಾಕಿಸಿಕೊಳ್ರಿ ಅಂತ ಎಲ್ಲಾರೂ ಹೇಳ್ತಾರ. ಅದರಾಗ ಈ ಗದ್ದಲ ಇರಂಗಿಲ್ಲೇನು?

— ಈ ಗದ್ದಲ ಇರಂಗಿಲ್ರಿ. ಅದರಾಗ ಹೋಗೂದು ಬೆಳಕು, ಬಲ್ಬು ಮೋಟಾರು ಅದಕ್ಕ ಏನೂ ಮಾಡಂಗಿಲ್ಲ. ಈ ಓಣಿಗೆ ಬಂದ್ರ ಹಾಕಿಸಿಕೊಳ್ರಿ, ನಾನೂ ಅದನ್ನ ಹೇಳ್ತೀನಿ. ಅದರ ಸೂಕ್ಷ್ಮ ಬ್ಯಾರೆ. ವೈರ್ ಮೊಳಿಗೆ ಸುತ್ತಿ ಬಾಗಿಸಿದ್ರ ಬೆಳಕು ಸೋರಿ ಹೋಗ್ತೈತಿ. ಇಲಿ, ಅಳಿಲು ಕಡೀತಾವ. ಹಸರು ತುದಿ ಕನೆಕ್ಟರನ್ನ ನೀಲಿದಕ್ಕ ಹಚ್ಚಿದ್ರ ಬೆಳಕು ತಿರುಗಿ ಹೊಡೀತೈತಿ. ಡಬ್ಬಿ ಮ್ಯಾಲ ಲಾಸ್ ಅನ್ನೂ ಕೆಂಪು ದೀಪ ಬಂದ್ರ ಬೆಳಕು ಮನಿ ತನಕ ಬಂದಿಲ್ಲ ಅಂತ, ಆವಾಗ ನಮ್ಮನ್ನ ಕರೀರಿ. ವೈರಿನ ತುದಿಯೊಳಗ ಕಣ್ಣಿಟ್ಟು ಮಾತ್ರ ನೋಡಬ್ಯಾಡ್ರಿ, ಆ ಬೆಳಕು ಕಣ್ಣಿಗೆ ಕಾಣಂಗಿಲ್ಲ, ಆದ್ರ ಲೇಸರ್ ಅದು. ಅಲ್ಲೀತನಕ ಇದ ಮೋಡೆಮ್ ನಡೀತೈತಿ, ಇದಕ್ಕೇನೂ ಆಗಿಲ್ಲ. ಸಿಡಿಲು ಗುಡುಗು ಶುರು ಆಗೂಕಿಂತ ಮೊದ್ಲ ಪ್ಲಗ್ ಅಷ್ಟ ಅಲ್ಲ, ಕೇಬಲ್ಲೂ ಬಿಚ್ರಿ. ಮೋಡೆಮ್ ಸುಡೂದು ಎಷ್ಟೋ ಸಲ ಕೇಬಲ್ ಕಡಿಯಿಂದ.

— ಆಗಲಿ. ಮೂಲಿ ಮನಿಯವರ ಬೆಂಗಳೂರಿನ ನಂಬರ್ ನನ್ನ ಹತ್ರ ಅದ. ಆ ಬಲ್ಬ್ ಬದಲಿ ಮಾಡ್ರಿ ಅಂತ ನಾಳೆ ಹೇಳ್ತೀನಿ. ನೀ ವೈರ್ ತಗದದ್ದೂ ಹೇಳ್ತೀನಿ, ಬಂದಾಗ ಕಂಬದ ವೈರ್ ಎಲ್ಲಿ ಹೋತು ಅಂತ ಅವರು ಹುಡಕ್ಯಾಡಬಾರದು.

— ಹೇಳ್ರಿ. ಟಿವಿ ಬೇಕಂದ್ರ ಒಂದು ಫೋನ್ ಮಾಡಲಿ, ಹೊಸಾ ವೈರ್ ನಾನ ಎಳದು ಕೊಡ್ತೀನಿ.